‘ಹೋಗುವವರನ್ನು ತಡೆಯಲಾಗುತ್ತದೆಯೇ?’ ಶ್ರೀಲಂಕಾ ಕೊಟ್ಟ ಉತ್ತರ

ನಮಸ್ಕಾರ. ‘ಸಾಯಲು ನಿರ್ಧರಿಸಿದವರನ್ನು ಬ್ರಹ್ಮ ಬಂದರೂ ತಡೆಯಲಾರ, ಅಲ್ಲವೇ?’ ವೀಕ್ಷಕರೊಬ್ಬರ ಪ್ರಶ್ನೆ ಇದು. ಪ್ರಶ್ನೆಗಿಂತ ಹೆಚ್ಚಾಗಿ ತೀರ್ಪು. ಹಳ್ಳಿಗಳಲ್ಲಿ ಈ ತೀರ್ಪಿಗೆ ಹಣೆಬರಹ ಎಂದು ಹೆಸರು.

ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಾರೆ. ಅಂಕಿಅಂಶ ಇಷ್ಟು ಸಾಕು, ನೇರವಾಗಿ ಶ್ರೀಲಂಕಾಕ್ಕೆ ಹೋಗೋಣ.

1990ರ ದಶಕದ ನಡುವೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಬೇಸಾಯದ ಮನೆಗಳಲ್ಲಿ ಕೀಟನಾಶಕ ಕೈಯಳತೆಯಲ್ಲೇ ಇರುತ್ತಿತ್ತು. 1995ರಿಂದ ಸರ್ಕಾರ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂತು. ಆ ನಿಷೇಧ ಯಾರ ಸಾಲವನ್ನೂ ತೀರಿಸಲಿಲ್ಲ, ಯಾವ ಮನೆಯ ಜಗಳವನ್ನೂ ಬಿಡಿಸಲಿಲ್ಲ. ಆದರೂ 2015ರ ಹೊತ್ತಿಗೆ ಆತ್ಮಹತ್ಯೆ ಪ್ರಮಾಣ ಸುಮಾರು ಶೇ 70ರಷ್ಟು ಇಳಿದಿತ್ತು. ಬೆಳೆ ಕೆಟ್ಟಿತೇ? ನಿಷೇಧದಿಂದ ಇಳುವರಿ ಕುಸಿದ ಕುರುಹು ಸಂಶೋಧಕರಿಗೆ ಸಿಗಲಿಲ್ಲ. ಹಣೆಬರಹ ಬರೆಯುವವನೂ ಗೆಜೆಟ್ ಓದುತ್ತಾನೆ ಎಂದಾಯಿತು!

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನ್ನನ್ನು ಬಿಡದೆ ಕಾಡಿದ್ದು ಇದೇ. ಸಾಯಬೇಕೆಂಬ ಆವೇಗ ಬಹಳ ಸಲ ಮಳೆಗಾಲದ ಹಳ್ಳದಂತೆ. ಉಕ್ಕಿದಾಗ ಎದೆಮಟ್ಟ, ಕೆಲವು ಗಂಟೆ ಕಳೆದರೆ ಮೊಣಕಾಲಿಗೂ ಬರುವುದಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಕೈಹಿಡಿದು ದಡದಲ್ಲಿ ಕೂರಿಸಿಕೊಳ್ಳಬೇಕು, ಅಷ್ಟೇ. ‘ಇವತ್ತಲ್ಲ ನಾಳೆ ಹೋಗಿಯೇ ಹೋಗುತ್ತಾರೆ’ ಎಂಬ ಮಾತು ಸುಳ್ಳು: ಯತ್ನಿಸಿ ಬದುಕುಳಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ.

‘ಹಾಗಾದರೆ ಕೀಟನಾಶಕವನ್ನು ಬೀಗ ಹಾಕಿ ಇಟ್ಟರೆ ಸಾಕಲ್ಲ?’ ಅದನ್ನೂ ಅಲ್ಲೇ ಪರೀಕ್ಷಿಸಿದರು. 180 ಹಳ್ಳಿಗಳನ್ನು ಆಯ್ದು, ಅರ್ಧದಷ್ಟು ಹಳ್ಳಿಗಳ ಮನೆಗಳಿಗೆ ಬೀಗವಿರುವ ಪೆಟ್ಟಿಗೆ ಹಂಚಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪೆಟ್ಟಿಗೆಯಿಂದ ಪ್ರಯೋಜನವಾದ ಪುರಾವೆ ಇರಲಿಲ್ಲ. ಬೀಗದ ಕೈ ಇರುವುದು ಅದೇ ಮನೆಯವರ ಬಳಿ ತಾನೇ?

ಇನ್ನು ಊರಿನ ಬಾಯಿ. ಸಮಯ ಮುಗಿಯುತ್ತಿದೆ, ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ‘ಸಾಯುತ್ತೇನೆ’ ಎನ್ನುವವರಿಗೆ ಅಂಟಿಸಬೇಡಿ, ಸತ್ತವರಲ್ಲಿ ಅನೇಕರು ಮೊದಲೇ ಬಾಯಿಬಿಟ್ಟು ಹೇಳಿರುತ್ತಾರೆ. ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ನಡೆದದ್ದನ್ನು ‘ಹೊಟ್ಟೆನೋವು’ ಎಂದು ಮುಚ್ಚಿದರೆ ಒಂದು ಮನೆಯ ಮರ್ಯಾದೆ ಉಳಿಯಬಹುದು, ಆದರೆ ಅದೇ ಸಂಕಟದಲ್ಲಿರುವ ಪಕ್ಕದ ಮನೆಯವನೂ ಬಾಯಿ ಮುಚ್ಚಿಕೊಳ್ಳುತ್ತಾನೆ.

ನಿಮಗೇ ಹಾಗೆ ಅನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತನಾಡಬಹುದು.