ಹಳೇ ಫ್ರೆಂಚ್ ರಿಮ್ ಯಾರದು?

ನಮಸ್ಕಾರ ಕೇಳುಗರೇ. ಹಳೇ ಫ್ರೆಂಚ್ ಸೈಕಲ್ಲಿನ ಚಕ್ರವೊಂದು ನಿಮ್ಮ ಕೈಗೆ ಸಿಕ್ಕಿದೆ ಅಂತ ಇಟ್ಟುಕೊಳ್ಳಿ. ಸ್ಟಿಕರ್ ಯಾವಾಗಲೋ ಉದುರಿಹೋಗಿದೆ. ಟೈರ್ ಮೇಲೆ ಮಿಶೆಲಿನ್ ಅಂತಿದೆಯಲ್ಲ ಅಂತ ಸುಮ್ನೆ ಖುಷಿಪಡಬೇಡಿ. ಟೈರ್ ಸವೆಯುತ್ತೆ, ಜನ ಬದಲಾಯಿಸ್ತಾರೆ, ಕೊನೆಗೆ ಟೈರ್ ಒಬ್ಬರದು, ರಿಮ್ ಇನ್ನೊಬ್ಬರದು.

ಟೈರ್ ಬಿಚ್ಚಿ, ರಿಮ್ ಒರೆಸಿ. ವಾಲ್ವಿನ ತೂತಿನ ಅಕ್ಕಪಕ್ಕ, ಆಮೇಲೆ ಅದಕ್ಕೆ ಎದುರಾಗಿರುವ ಜೋಡಣೆಯ ಹತ್ತಿರ ಟಾರ್ಚನ್ನು ಓರೆಯಾಗಿ ಹಿಡಿದು ಹುಡುಕಿ. ಗುದ್ದಿದ ಅಕ್ಷರ ಮಸುಕಾಗಿದ್ದರೆ ಸೀಮೆಸುಣ್ಣ ಉಜ್ಜಿ, ಮೇಲಿನ ಪುಡಿ ಒರೆಸಿಬಿಡಿ. ಗುಳಿಯಲ್ಲಿ ಉಳಿದ ಬಿಳಿಯಲ್ಲಿ ಹೆಸರು ಎದ್ದು ಕಾಣುತ್ತದೆ. ಮಾವಿಕ್, ರಿಜಿಡಾ, ಸೂಪರ್ ಚಾಂಪಿಯನ್, ರಿಮ್ ಹೆಸರುಗಳಲ್ಲಿ ಜಾಸ್ತಿ ಸಿಗೋದು ಇವೇ. ಉಕ್ಕಿನ ರಿಮ್ಮಿನಲ್ಲಿ ಬ್ರೇಕ್ ತಾಗುವ ಕಡೆ ಒತ್ತಿದ ಚಿತ್ತಾರ ಇದ್ದರೆ ರಿಜಿಡಾದ ಕ್ರೋಲಕ್ಸ್ ಅನ್ನೋ ಮಾದರಿ ಇರಬಹುದು. ಅಷ್ಟಕ್ಕೇ ತೀರ್ಮಾನ ಬೇಡ, ಬೇರೆಯವರೂ ಅಂಥದ್ದು ಮಾಡಿದ್ದಾರೆ.

ಬಣ್ಣವನ್ನಂತೂ ನಂಬಲೇಬೇಡಿ. 1934ರ ಟೂರ್ ಡಿ ಫ್ರಾನ್ಸ್ ಗೆದ್ದ ಆಂತೊನಾಂ ಮಾನ್ಯ್ ಓಡಿಸಿದ್ದು ಮಾವಿಕ್‌ನ ಡ್ಯುರಾಲ್ಯುಮಿನ್ (ಅಲ್ಯುಮಿನಿಯಂ ಮಿಶ್ರಲೋಹ) ರಿಮ್ ಹಾಕಿದ ಸೈಕಲ್ಲು. ಆದರೆ ಲೋಹದ ರಿಮ್ಮಿಗೆ ಆಗ ಒಪ್ಪಿಗೆ ಇರಲಿಲ್ಲವಾದ್ದರಿಂದ ಅದಕ್ಕೆ ಮರದ ಬಣ್ಣ ಬಳಿದಿದ್ದರು ಅನ್ನೋ ಕಥೆ ಸೈಕಲ್ ಮಂದಿಯ ಬಾಯಲ್ಲಿದೆ. ಕಂಪನಿಯವರೇ ವೇಷ ಹಾಕಿಸಿದ ಮೇಲೆ ನಾವು ಕಣ್ಣಿನಿಂದ ಗುರುತು ಹಿಡಿಯೋದು ಹೇಗೆ, ಅಲ್ವಾ?

ಟೈರಿನ ಹೆಸರುಗಳೂ ಗೊತ್ತಿರಲಿ. ಕ್ಲೆರ್ಮೋಂ-ಫೆರಾಂನ ಮಿಶೆಲಿನ್, ಮೊಂತಾರ್ಜಿ ಹತ್ತಿರದ ಹಚಿನ್ಸನ್, ಸುವಾಸೋಂನ ವೊಲ್ಬರ್. ಡನ್‌ಲಪ್ ಅಂತ ಕಂಡರೆ ಬ್ರಿಟನ್ನಿನದು ಅಂತ ಬದಿಗಿಡಬೇಡಿ, ಫ್ರಾನ್ಸಿನ ಮೊಂಲ್ಯುಸೋಂನಲ್ಲೂ ಅವರ ಕಾರ್ಖಾನೆ ಇತ್ತು.

ಹೆಸರು ಸಿಗದಿದ್ದರೆ ಅಳತೆ ಹಿಡಿಯಿರಿ. ಟೈರಿನ ಅಂಚು ಕೂರುವ ಜಾಗದ ಸುತ್ತ ಎಳೆದರೆ ಉದ್ದವಾಗದ ತಂತಿ ಸುತ್ತಿ. ಸುಮಾರು 1954 ಮಿಲಿಮೀಟರ್ ಬಂದರೆ ಫ್ರೆಂಚರು 700ಸಿ ಅಂತ ಕರೆಯುವ ಅಳತೆ, ಅಂದರೆ ವ್ಯಾಸ 622. ಪ್ರವಾಸದ ಸೈಕಲ್ಲುಗಳಿಗೆ ಪ್ರೀತಿಯ 650ಬಿ ಆದರೆ 1835, ವ್ಯಾಸ 584. 1995 ಬಂದರೆ 700ಬಿ, ವ್ಯಾಸ 635. ಇದು ನಮಗೆ ಹೊಸದೇನಲ್ಲ! ನಮ್ಮೂರಿನ ಹಳೇ ದೊಡ್ಡ ಸೈಕಲ್ಲಿಗೆ ಹಾಕೋ 28 ಇಂಚು ಒಂದೂವರೆ ಟೈರಿನ ಅಳತೆಯೂ ಅದೇ. ಬದಿಯಲ್ಲಿ ಕೆಲವು ಸಲ 40-635 (ಅಗಲ 40, ವ್ಯಾಸ 635) ಅಂತ ಅಚ್ಚಾಗಿರುತ್ತೆ. ಆದರೆ ಅದೇ ಟೈರನ್ನು 700ಸಿ ರಿಮ್ಮಿಗೆ ಹಾಕಿದರೆ ಎಲ್ಲ ಕಡೆಯೂ ಆರೂವರೆ ಮಿಲಿಮೀಟರ್ ಸಡಿಲ. ಗಾಳಿ ತುಂಬುತ್ತಿದ್ದಂತೆ ಟೈರ್ ಹೊರಗೆ ಜಾರಿ, ಟ್ಯೂಬು ಡಬ್ ಅನ್ನುತ್ತೆ.