ನೆರೆ ಇಳಿದ ಮೇಲೆ, ಹೊಸ ಗೋಡೆ ಏಳುವ ಮುನ್ನ

[ದೃಶ್ಯ: ಮಲಪ್ರಭೆಯ ದಂಡೆಯ ಊರು, ಅರ್ಧ ಕುಸಿದ ಮಣ್ಣಿನ ಗೋಡೆ]

ನಮಸ್ಕಾರ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ಅನೇಕ ಮೇಲ್ಮುದ್ದೆಯ, ಅಂದರೆ ಮಣ್ಣಿನ ಛಾವಣಿಯ, ಮನೆಗಳು ನೀರು ನಿಂತಿದ್ದಾಗ ಮಾತ್ರವಲ್ಲ, ನೀರಿಳಿದು ಬಿಸಿಲು ಬಿದ್ದ ಮೇಲೂ ಕುಸಿದವು. ನೆನೆದ ಮಣ್ಣು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ, ಕಲ್ಲುಗಳ ನಡುವಿನ ಹಿಡಿತ ತಪ್ಪುತ್ತದೆ. ಮನೆ ಮರಳಿ ಕಟ್ಟಿಸುವವರ ಕಾಗದಪತ್ರದ ಕಷ್ಟವೂ ಬಹುಮಟ್ಟಿಗೆ ಇಲ್ಲಿಂದಲೇ ಆರಂಭವಾಗುತ್ತದೆ.

ಆ ವರ್ಷ ರಾಜ್ಯ ಸರ್ಕಾರವು ಶೇ. 75ಕ್ಕಿಂತ ಹೆಚ್ಚು ಹಾನಿಯಾದ ಮನೆಯನ್ನು ‘ಎ’ ವರ್ಗವೆಂದು ಗುರುತಿಸಿ 5 ಲಕ್ಷ ರೂಪಾಯಿ ಘೋಷಿಸಿತು. ಶೇ. 15ರಿಂದ 25ರಷ್ಟು ಹಾನಿಯಾದ ‘ಸಿ’ ವರ್ಗಕ್ಕೆ ಸಿಕ್ಕದ್ದು 50 ಸಾವಿರ. ಪರಿಹಾರದ ಮೊತ್ತವನ್ನು ಪ್ರತಿ ವಿಪತ್ತಿನಲ್ಲೂ ಹೊಸ ಆದೇಶ ನಿರ್ಧರಿಸುವುದರಿಂದ ಹಳೆಯ ಅಂಕಿಯನ್ನು ನಂಬಿ ಲೆಕ್ಕ ಹಾಕಬಾರದು; ಆದರೆ ಪಂಚನಾಮೆಯಲ್ಲಿ, ಅಂದರೆ ಹಾನಿಯ ಸ್ಥಳಪರಿಶೀಲನೆಯ ವರದಿಯಲ್ಲಿ, ಬರೆಯುವ ವರ್ಗದ ಒಂದಕ್ಷರ ಎಷ್ಟು ದುಬಾರಿಯೆಂಬುದು ಇದರಿಂದ ತಿಳಿಯುತ್ತದೆ. ಸಮೀಕ್ಷೆಯ ದಿನ ನಿಂತಿದ್ದ ಗೋಡೆ ಮರುವಾರ ಬಿದ್ದರೆ, ತಿಳಿದವರ ಮುಂದೆ ಹೇಳಿಕೊಂಡು ಸುಮ್ಮನಾಗದೆ, ದಿನಾಂಕವಿರುವ ಚಿತ್ರಗಳೊಡನೆ ತಹಶೀಲ್ದಾರರಿಗೆ ಮರುಸಮೀಕ್ಷೆಯ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಅಲ್ಲಿಯವರೆಗೆ, ಅಪಾಯವಿಲ್ಲದ ಕಡೆ, ಬಿದ್ದ ಮಣ್ಣು, ತೊಲೆಗಳನ್ನು ಸಾಗಿಸದಿರುವುದು ಲೇಸು.

[ದೃಶ್ಯ: ಉತಾರ, ಕಂದಾಯ ರಸೀದಿ, ಒದ್ದೆಯಾದ ಖರೀದಿ ಪತ್ರ]

ಎರಡನೆಯ ತೊಡಕು ಹೆಸರಿನದು. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉತಾರ, ಅಂದರೆ ಆಸ್ತಿಯ ದಾಖಲೆ ಇರುವ, ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡು ಬಾಳುತ್ತಿರುವ ಮನೆಗಳು ನಮ್ಮಲ್ಲಿ ಬಹಳ. ವಂಶವೃಕ್ಷ, ಮರಣ ಪ್ರಮಾಣಪತ್ರ ಹಾಗೂ ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನು ಅಡಿಪಾಯ ತೋಡುವ ಮೊದಲೇ ಸಿದ್ಧಪಡಿಸಿಕೊಳ್ಳಬೇಕು. ಹಣ ಮಂಜೂರಾದ ಮೇಲೆ ಅದೇ ಒಪ್ಪಿಗೆಗೆ ಬೆಲೆ ಏರುವುದುಂಟು. ಪತ್ರಗಳು ನೀರುಪಾಲಾಗಿದ್ದರೆ ಗಾಬರಿಪಡಬೇಕಾಗಿಲ್ಲ: ನೋಂದಾಯಿತ ಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಿಗುತ್ತದೆ, ಗ್ರಾಮಠಾಣಾ (ಊರಿನ ವಾಸದ ಜಾಗ) ಮನೆಯ ದಾಖಲೆ ನಮೂನೆಗಳು ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆಯಾದ ಇ-ಸ್ವತ್ತು ವ್ಯವಸ್ಥೆಯಲ್ಲಿದ್ದರೆ ಪಂಚಾಯಿತಿಯಲ್ಲಿ ಸಿಗುತ್ತವೆ.

ಮನೆಸಾಲ ಇರುವವರು ಮೊದಲು ಬ್ಯಾಂಕಿಗೆ ಹೋಗಿ, ಸಾಲದ ಜೊತೆಗೆ ಮನೆಗೆ ವಿಮೆ ಮಾಡಿಸಲಾಗಿದೆಯೇ ಎಂದು ಕೇಳಬೇಕು, ಏಕೆಂದರೆ ಕಂತು ಕಟ್ಟುತ್ತಲೇ ಬಂದಿದ್ದರೂ ವಿಮೆಯ ಸುಳಿವೇ ಇಲ್ಲದವರಿದ್ದಾರೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಎಂಬ ಮಾದರಿ ಪಾಲಿಸಿಯಲ್ಲಿ ಪ್ರವಾಹವೂ ಭೂಕುಸಿತವೂ ಸೇರಿವೆ. ಅವಶೇಷ ತೆರವಿನ ವೆಚ್ಚಕ್ಕೂ ಒಂದು ಮಿತಿಯೊಳಗೆ ಅವಕಾಶವಿದೆ. ವಿಮಾ ಸರ್ವೇಯರ್ ಬರುವ ಮುನ್ನ ಹಾಳಾದ ಸಾಮಾನನ್ನು ಎಸೆಯಬಾರದು. ಕಂತು ಕಟ್ಟಲಾಗದ ಸ್ಥಿತಿಯಿದ್ದರೆ ಬಾಕಿ ಬೆಳೆಯಲು ಬಿಡದೆ, ಸಾಲದ ಮರುಹೊಂದಾಣಿಕೆಗೆ ಲಿಖಿತ ಅರ್ಜಿ ಕೊಡುವುದು ಒಳ್ಳೆಯದು.

[ದೃಶ್ಯ: ಅಡಿಪಾಯದ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿರುವ ಸಿಬ್ಬಂದಿ]

ಈಗ ಹಣದ ಮಾತು. ಘೋಷಿಸಿದ ಮೊತ್ತ ಒಮ್ಮೆಗೇ ಕೈಗೆ ಬರುವುದಿಲ್ಲ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಬರುವ ನೆರವು ಅಡಿಪಾಯ, ಗೋಡೆ, ಛಾವಣಿ ಎಂಬ ಹಂತಗಳ ಜಿಪಿಎಸ್ ಚಿತ್ರ ದಾಖಲಾದ ಬಳಿಕ ಕಂತುಕಂತಾಗಿ ಆಧಾರ್ ಜೋಡಣೆಯಾದ ಖಾತೆಗೆ ಜಮೆಯಾಗುತ್ತದೆ. ಹಾಗಾಗಿ ಒಂದು ಹಂತದ ಖರ್ಚನ್ನು ತಡೆದುಕೊಳ್ಳುವಷ್ಟು ಹಣ ಕೈಯಲ್ಲಿದ್ದರೆ ಮಾತ್ರ ಕೆಲಸ ಹಿಡಿಯಬೇಕು. ಬಡ್ಡಿಗೆ ತಂದ ಕೈಗಡದಿಂದ ಮನೆ ಎಬ್ಬಿಸಿದರೆ ತಡವಾದ ಪ್ರತಿ ತಿಂಗಳ ಬಡ್ಡಿಯೂ ಸರ್ಕಾರದಿಂದ ಬರಬೇಕಾದ ಕಂತನ್ನೇ ತಿನ್ನುತ್ತದೆ. ಗೌಂಡಿಯೊಡನೆ ಮಾಡಿಕೊಳ್ಳುವ ಕರಾರಿನಲ್ಲಿಯೂ ಚದರಕ್ಕೆ ಎಷ್ಟು, ಸಿಮೆಂಟ್-ಕಬ್ಬಿಣ ಯಾರದು ಎಂಬುದನ್ನು ಬರೆಸಿ, ಸರ್ಕಾರದ ಕಂತು ಬೀಳುವ ಹಂತಗಳಲ್ಲೇ ಅವರಿಗೂ ಹಣ ಸಲ್ಲುವಂತೆ ಗೊತ್ತುಮಾಡಿಕೊಂಡು, ಇಬ್ಬರೂ ಸಹಿ ಹಾಕಬೇಕು.