ರಾತ್ರಿ ಕೈ ಜೋಮು ಹಿಡಿಯುತ್ತಾ? ಸ್ಪ್ಲಿಂಟ್ ಹೀಗೆ ಹಾಕಿ

(ತೆರೆಯ ಮೇಲೆ: ಅಂಗೈ. ಮೂರೂವರೆ ಬೆರಳಿಗೆ ಬಣ್ಣ)

ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತೆ, ಕೊಡವಿದರೆ ಸ್ವಲ್ಪ ಹಗುರ. ಹೀಗಾದಾಗ ಯಾವ ಬೆರಳು ಅಂತ ನೋಡ್ಕೊಳ್ಳಿ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಆದರೆ ಕಾರ್ಪಲ್ ಟನಲ್ ಸಿಂಡ್ರೋಮ್ ಇರಬಹುದು, ಅಂದರೆ ಮಣಿಕಟ್ಟಿನ ಕಿಂಡಿಯಲ್ಲಿ ನರ ಒತ್ತಿಕೊಳ್ಳೋದು. ಕಿರುಬೆರಳೇ ಜುಮ್ಮೆನ್ನುತ್ತಿದ್ದರೆ ಅದು ಬೇರೆ ನರ. ತೊಂದರೆ ಹೆಚ್ಚಾಗಿ ಮೊಣಕೈಯಲ್ಲಿರುತ್ತೆ.

(ಚಿತ್ರ: ಮಣಿಕಟ್ಟಿನ ಅಡ್ಡಸೀಳು)

ಕೆಳಗೂ ಪಕ್ಕಕ್ಕೂ ಮೂಳೆ, ಮೇಲೆ ಬಿಗಿಯಾದ ಲಿಗಮೆಂಟ್, ಅಂದರೆ ಮೂಳೆಗಳನ್ನು ಜೋಡಿಸುವ ಗಟ್ಟಿ ಪಟ್ಟಿ. ಈ ಕಿಂಡಿಯೊಳಗೆ ಬೆರಳು ಮಡಿಸುವ 9 ಸ್ನಾಯುರಜ್ಜುಗಳು, ಜೊತೆಗೆ ಮೀಡಿಯನ್ ನರ. ರಜ್ಜುಗಳ ಸುತ್ತಲಿನ ಪೊರೆ ದಪ್ಪವಾದರೆ ಕಿಂಡಿ ಹಿಗ್ಗಲ್ಲ, ನರ ಒತ್ತಿಕೊಳ್ಳುತ್ತೆ. ಮಣಿಕಟ್ಟು ಮುಂದಕ್ಕೆ ಮಡಚಿದರೂ ಒತ್ತಡ ಏರುತ್ತೆ, ಹಿಂದಕ್ಕೆ ಬಾಗಿಸಿದರೂ ಏರುತ್ತೆ. ನಿದ್ದೆಯಲ್ಲಿ ಕೈ ಮಡಚಿರೋದು ನಮಗೆ ಗೊತ್ತೇ ಆಗಲ್ಲ, ಅದಕ್ಕೇ ರಾತ್ರಿ ಕಾಟ ಜಾಸ್ತಿ.

ಹಾಗಾಗಿ ಮೊದಲ ಮದ್ದು ರಾತ್ರಿ ಹಾಕುವ ಸ್ಪ್ಲಿಂಟ್, ಅಂದರೆ ಮಣಿಕಟ್ಟು ಮಡಚದಂತೆ ಹಿಡಿದಿಡುವ ಕವಚ. ಬಹಳ ಜನ ಎಡವೋದೂ ಇಲ್ಲೇ.

(ಹತ್ತಿರದ ದೃಶ್ಯ: ಸ್ಪ್ಲಿಂಟ್‌ನಿಂದ ಲೋಹದ ಪಟ್ಟಿ ತೆಗೆಯುವುದು)

ರೆಡಿಮೇಡ್ ಸ್ಪ್ಲಿಂಟ್‌ಗಳಲ್ಲಿ ಎಷ್ಟೋ ಕೈಯನ್ನು 20ರಿಂದ 30 ಡಿಗ್ರಿ ಹಿಂದಕ್ಕೆ ಬಾಗಿಸುತ್ತವೆ. ನಮಗೆ ಬೇಕಾದ್ದು ಸೊನ್ನೆ ಡಿಗ್ರಿ. ಅಂಗೈ ಕಡೆಯ ಪಟ್ಟಿ ಹೊರಗೆಳೆದು, ಮೇಜಿನ ಮೇಲೊತ್ತಿ ನೆಟ್ಟಗೆ ಮಾಡಿ ವಾಪಸ್ ತೂರಿಸಿ. ಪಕ್ಕದಿಂದ ನೋಡಿದಾಗ ಹಸ್ತವೂ ಮುಂಗೈಯೂ ಒಂದೇ ಗೆರೆಯಲ್ಲಿರಬೇಕು. ಬೆರಳುಗಳು ಪೂರ್ತಿ ಮಡಚಬೇಕು. ಬೆಲ್ಟ್ ಅಡಿ ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ಬಿಗಿದರೆ ಅದೇ ನರವನ್ನು ಒತ್ತುತ್ತೆ. 6 ವಾರ, ಒಂದು ರಾತ್ರಿಯೂ ತಪ್ಪಿಸಬೇಡಿ. ಎರಡು ದಿನ ಹಾಕಿ "ಏನೂ ಆಗಲಿಲ್ಲ" ಅಂದರೆ ಅದು ಸ್ಪ್ಲಿಂಟ್‌ನ ತಪ್ಪಲ್ಲ!

ಹಗಲಲ್ಲಿ ಟೈಪ್ ಮಾಡುವಾಗ ಮಣಿಕಟ್ಟನ್ನು ಮೇಜಿನ ಅಂಚಿಗೆ ಊರಬೇಡಿ. ಕೀಬೋರ್ಡಿನ ಹಿಂದಿನ ಕಾಲು ಮಡಚಿಡಿ. ನೋವಿನ ಮಾತ್ರೆಯಿಂದ ಇದಕ್ಕೆ ಹೇಳಿಕೊಳ್ಳುವಂಥ ಪ್ರಯೋಜನ ಇಲ್ಲ.

ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಸಂಧಿವಾತ ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಗರ್ಭಿಣಿಯರಲ್ಲಿ ಹೆರಿಗೆಯ ನಂತರ ಸಾಮಾನ್ಯವಾಗಿ ತಗ್ಗುತ್ತೆ.

(ಚಿತ್ರ: ಹೆಬ್ಬೆರಳ ಬುಡ, ಎರಡೂ ಕೈ ಅಕ್ಕಪಕ್ಕ)

ಹೆಬ್ಬೆರಳ ಬುಡದ ಉಬ್ಬು ಚಪ್ಪಟೆಯಾಗಿದ್ದರೆ, ಗುಂಡಿ ಹಾಕೋಕೆ ಕಷ್ಟವಾದರೆ, ಜೋಮು ದಿನವಿಡೀ ಇದ್ದರೆ 6 ವಾರ ಕಾಯಬೇಡಿ. ನೋವು ಹೋಗಿ ಬರೀ ಮರಗಟ್ಟಿದ್ದರೂ ಅಷ್ಟೇ: ಅದು ಗುಣವಾಗಿದ್ದಲ್ಲ, ನರ ಸೋತಿದ್ದು. ನರದಲ್ಲಿ ಸಂಕೇತ ಎಷ್ಟು ಚೆನ್ನಾಗಿ ಹರಿಯುತ್ತೆ ಅಂತ ತಿಳಿಯೋಕೆ ವೈದ್ಯರು ನರದ ವಹನ ಪರೀಕ್ಷೆ ಮಾಡಿಸಿ ನೋಡುತ್ತಾರೆ. ಸೌಮ್ಯವಾಗಿದ್ದರೆ ಸ್ಟೀರಾಯ್ಡ್ ಇಂಜೆಕ್ಷನ್ ಕೆಲ ತಿಂಗಳು ಆರಾಮ ಕೊಡಬಹುದು. ಸ್ನಾಯು ಕರಗಲು ಶುರುವಾಗಿದ್ದರೆ ಲಿಗಮೆಂಟ್ ಸೀಳಿ ಜಾಗ ಮಾಡುವ ಶಸ್ತ್ರಚಿಕಿತ್ಸೆಯೇ ದಾರಿ, ಸಾಮಾನ್ಯವಾಗಿ ಅದೇ ದಿನ ಮನೆಗೆ ಹೋಗಬಹುದು.